ನಾಗುವಿನ ಮನೆಗೆ ಬಂದ ಮಡಿ

ಹೊನ್ನಾವರದ ಮೀನುಗಾರರ ಕೇರಿಯಲ್ಲಿ ಮಡಿ ಅಂದರೆ ಎಂತ ಅಂತ ಕೇಳಿ, ನಾಗುವಿನ ಹೆಸರು ಹೇಳುತ್ತಾರೆ. ಭಟ್ಟರ ಮನೆಯಲ್ಲಿ ಮಡಿ ಅಂದರೆ ದೂರ ನಿಲ್ಲು ಅಂತಿರಬಹುದು. ಇಲ್ಲಿ ಮಡಿ ಅಂದರೆ ಮಡಿವಾಳರ ಹೆಂಗಸು ಒಗೆದು ತಂದ ಬಟ್ಟೆ. ಹೆತ್ತ ಮನೆಯಿರಲಿ, ಸತ್ತ ಮನೆಯಿರಲಿ, ಅದು ಬಂದ ಮೇಲೇ ಸೂತಕ ಕಳೆಯುವುದು. ಈಗ ಮನೆಮನೆಗೂ ವಾಷಿಂಗ್ ಮಷಿನ್ ಬಂದಿದೆ, ಬರಲಿ ಪಾಪ. ಅದು ಕೊಳೆ ತೆಗೆದೀತು, ಸೂತಕ ತೆಗೆದೀತೇ?

ಮೂವತ್ತು ವರ್ಷ ನಾಗು ಹಳದೀಪುರದಿಂದ ಬಸ್ಸು ಹತ್ತಿ, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಈ ಕೇರಿಗೆ ಬಂದವಳು. ಒಂದು ಸುಕ್ಕು ಕಂಡರೂ ಮತ್ತೆ ನೀರಿಗೆ ಹಾಕುವ ಹಟಮಾರಿ. ಸೊಸೆ ಹಿಂಡಿದ ಸೀರೆಯನ್ನು ತಾನು ಇನ್ನೊಮ್ಮೆ ಹಿಂಡದೆ ಬಿಟ್ಟವಳಲ್ಲ.

ಹೋದ ಮಳೆಗಾಲದಲ್ಲಿ ಅವಳ ಗಂಡ ಬೀರಪ್ಪ ತೀರಿಕೊಂಡ. ಸೂತಕದ ಮನೆಯವರು ತಮಗೆ ತಾವೇ ಮಡಿ ಮಾಡಿಕೊಳ್ಳುವಂತಿಲ್ಲ. ಹನ್ನೆರಡನೇ ದಿನಕ್ಕೆ ತನ್ನ ಮನೆಯಿಂದ ಮಡಿ ತರುತ್ತೇನೆಂದು ಹಿರೇಗುತ್ತಿಯಲ್ಲಿರುವ ನಾಗುವಿನ ತಮ್ಮ ಕಮಲಾಕರ ಮಾತು ಕೊಟ್ಟಿದ್ದ. ಆ ಬೆಳಿಗ್ಗೆ ಅವನ ಫೋನು ಬಂತು. ಅವನ ಸೊಸೆ ಹೆತ್ತಿದ್ದಾಳಂತೆ, ಆ ಮನೆಗೂ ಸೂತಕವಂತೆ. ಹುಟ್ಟಿದ್ದಕ್ಕೆ ಬೈಯುವುದುಂಟೇ? ಹತ್ತಿರದಲ್ಲಿ ಈ ಕೆಲಸ ಮಾಡುವವರು ಇನ್ನು ಯಾರೂ ಉಳಿದಿರಲಿಲ್ಲ. ಮಡಿ ಬಾರದೆ ದೀಪ ಹಚ್ಚುವಂತಿಲ್ಲ, ಬೀರಪ್ಪನಿಗೆ ಎಡೆ ಇಡುವಂತಿಲ್ಲ. ಊರಿಗೆಲ್ಲ ಮಡಿ ಹೊತ್ತವಳು ಗಂಡನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಕಾಯಿತಲ್ಲ ಎಂದು ಬಾಗಿಲಲ್ಲಿ ಕೂತುಬಿಟ್ಟಳು.

ಮಾತಾಡಿಸಲು ಕೇರಿಯಿಂದ ಬಂದಿದ್ದ ಮೀನು ಮಾರುವ ದುರ್ಗಮ್ಮ ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗಿ ಸ್ನಾನ ಮಾಡಿದಳು, ಬಾವಿಯ ನೀರು ಸೇದಿದಳು, ನಾಗುವಿನ ಬಿಳಿ ಸೀರೆಯೊಂದನ್ನು ಒಗೆಯತೊಡಗಿದಳು. ಬೇರೆ ಜಾತಿಯವಳು ಮಡಿ ಕೊಟ್ಟದ್ದು ಎಲ್ಲಾದರೂ ಉಂಟೇ? ನಾಗು ಗಾಬರಿಯಾಗಿ, "ದುರ್ಗಕ್ಕ, ನೀ ಕೊಟ್ರೆ ಆಗ್ತದಾ?" ಎಂದಳು.

ದುರ್ಗಮ್ಮ ಒಗೆಯುವುದನ್ನು ನಿಲ್ಲಿಸಲಿಲ್ಲ. "ನನ್ನ ಮೂರು ಬಾಣಂತನಕ್ಕೂ ನೀನೇ ಮಡಿ ತಂದದ್ದು. ನಮ್ಮತ್ತೆ ಸತ್ತಾಗಲೂ ನೀನೇ. ನೀ ಶುದ್ಧ ಮಾಡಿದ ಕೈ ಇದು, ನಾಗು. ಇದರಿಂದ ಆಗೂದಿಲ್ಲ ಅಂದ್ರೆ ನೀ ಮಾಡಿದ್ದೆಂತ ಹಂಗಾರೆ?"

ಇಷ್ಟು ವರ್ಷದ ದುಡಿಮೆಯನ್ನು ಹೀಗೆ ಯಾರೂ ನಾಗುವಿನ ಮುಂದೆ ಇಟ್ಟಿರಲಿಲ್ಲ. "ಆತು, ಕೊಡು" ಎಂದು ಎರಡೂ ಕೈ ಚಾಚಿದಳು.

ಸೀರೆ ಸರಿಯಾಗಿ ಹಿಂಡಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು. ನಾಗು ಅದನ್ನು ಹಾಗೇ ಉಟ್ಟು ಒಳಗೆ ಹೋಗಿ ಬೀರಪ್ಪನಿಗೆ ಎಡೆ ಬಡಿಸಿದಳು.