ಬ್ಲೌಸ್ ಪೀಸ್ ಮತ್ತು ಚಿಲಕ

ವಿದೇಶದಲ್ಲಿ ನಾವಿರುವ ಪೆಂಡಲ್ ಹಿಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಉಡುಪಿ ಆಂಟಿ, ಯುದ್ಧ ನಡೆಯುತ್ತಿದ್ದ ದೇಶವೊಂದರಲ್ಲಿ ಪರಿಹಾರ ಸಂಸ್ಥೆಗಳಿಗೆ ನೀತಿ ಸಲಹೆಗಾರರಾಗಿದ್ದರು. ರಜೆಗೆ ಬಂದಾಗಲೂ ಕನ್ನಡಕವನ್ನು ಹಣೆಗೇರಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಅವರತ್ರ ಕೇಳಿದ್ರಾ?"

ಒಮ್ಮೆ ಅಲ್ಲಿನ ನಿರಾಶ್ರಿತರ ಶಿಬಿರದ ಹೆಂಗಸರಿಗೆಂದು ನಾವು ಬಟ್ಟೆ ಸೇರಿಸಿದೆವು. ಪೆಟ್ಟಿಗೆಗಳ ತುಂಬ ಅರಿಶಿನ ಕುಂಕುಮಕ್ಕೆ ಬಂದು, ಯಾರೂ ಹೊಲಿಸದೆ ಮನೆಯಿಂದ ಮನೆಗೆ ಸುತ್ತುತ್ತಿದ್ದ ಬ್ಲೌಸ್ ಪೀಸ್‌ಗಳು.

"ಎಲ್ಲ ಹೊಸದೇ ಆಂಟಿ," ಎಂದೆ ನಾನು.

"ಅವರತ್ರ ಕೇಳಿದ್ರಾ?"

ಅಲ್ಲೇ ನಿಂತು ಶಿಬಿರಕ್ಕೆ ಫೋನ್ ಮಾಡಿದರು. ಅವರ ಭಾಷೆಯಲ್ಲಿ ಮಾತಾಡಿ ನಮ್ಮತ್ತ ತಿರುಗಿದರು. "ಬಟ್ಟೆ ಬೇಡಂತೆ. ಟಾಯ್ಲೆಟ್ ಬಾಗಿಲಿಗೆ ಒಳಗಿಂದ ಹಾಕ್ಲಿಕ್ಕೆ ಚಿಲಕ ಬೇಕಂತೆ. ಹೆಂಗಸರು ಹೋಗ್ಲಿಕ್ಕೇ ಹೆದರ್ತಾರೆ."

ನನ್ನ ಅತ್ತೆ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದರು.

"ಫೋನ್ ಇಡ್ಬೇಡಮ್ಮ. ಎಷ್ಟು ಬಾಗಿಲಿದೆ, ಕೇಳು."