ಎರಡು ಬಿಳಿ ಗಂಟುಗಳು

ಅಪ್ಪ ತೀರಿಕೊಂಡ ಮೇಲೆ ನನ್ನ ಕೈಚೀಲದಲ್ಲಿ ಒಂದು ಬಿಳಿ ಗಂಟು ಉಳಿಯಿತು. ಹನ್ನೊಂದು ದಿನ ನಾನು ಅದನ್ನು ಬಿಚ್ಚಲಿಲ್ಲ.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಒಯ್ಯುವ ಮೊದಲು ಕೊರಳಲ್ಲಿದ್ದುದನ್ನೆಲ್ಲ ತೆಗೆಯಲು ಹೇಳಿದರು. ಅಪ್ಪ ಇಷ್ಟಲಿಂಗವನ್ನು ತಾನೇ ತೆಗೆದು, ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ನನ್ನ ಕೈಗಿಟ್ಟ. ಅಲ್ಲಿಂದ ಅವನನ್ನು ನೇರವಾಗಿ ಐಸಿಯುಗೆ ಒಯ್ದರು. ಲಿಂಗವನ್ನು ಮತ್ತೆ ಕೊರಳಿಗೆ ಹಾಕುವ ಹೊತ್ತು ಬರಲೇ ಇಲ್ಲ.

ಚೀಲದಲ್ಲಿ ಅದೇ ಧೋತರದ, ಅಷ್ಟೇ ಗಾತ್ರದ ಇನ್ನೊಂದು ಗಂಟಿತ್ತು. ಅದರೊಳಗೆ ಅಪ್ಪನ ಬಸವನಹುಳು, ಯಾವ ಕಾಲದಲ್ಲೋ ಕಲ್ಲಾಗಿ ಹೋದದ್ದು. ದವಾಖಾನೆಯಲ್ಲಿ ಬೇಸರವಾಗುತ್ತದೆಂದು ಮನೆಯಿಂದ ತರಿಸಿಕೊಂಡಿದ್ದ.

ಅಪ್ಪ ಬಾವಿ ತೋಡುತ್ತಿದ್ದವನು. ಹರೆಯದಲ್ಲಿ ಕೃಷ್ಣೆಯ ಆಚೆ ಕೆಲಸಕ್ಕೆ ಹೋದಾಗ, ಎರಡು ಕರಿಕಲ್ಲಿನ ಪದರಗಳ ನಡುವಿನ ಬಿಳಿ ಗಟ್ಟಿಮಣ್ಣಿನಲ್ಲಿ ಅದು ಸಿಕ್ಕಿತ್ತು. ಕಾಲೇಜಿನ ಮೇಷ್ಟರೊಬ್ಬರು ನೋಡಿ, ಇದು ನೀರಿನದಲ್ಲ, ನೆಲದ ಮೇಲೆ ತಿರುಗಾಡಿದ ಹುಳು, ಈ ಜಾತಿ ಈಗ ಎಲ್ಲಿಯೂ ಬದುಕಿಲ್ಲ, ಮನುಷ್ಯ ಹುಟ್ಟುವ ಮೊದಲೇ ಮುಗಿದುಹೋಯಿತು ಎಂದಿದ್ದರಂತೆ. ಮನೆಗೆ ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದ. “ಇದರ ಕುಲಾನ ಹೋಗೇತಿ. ಮನಿ ನೋಡ್ರಿ, ಒಂದ ಸುತ್ತೂ ಮುಕ್ಕಾಗಿಲ್ಲ.”

ಗುಡೂರಿನ ನಮ್ಮ ಹೊಲದಲ್ಲಿ ಅಪ್ಪನನ್ನು ಕುಳ್ಳಿರಿಸಿ ಹೂಳುವಾಗ, ಗುಣಿಗೆ ಇಳಿದಿದ್ದ ಅಯ್ಯನವರು ಕೈ ಚಾಚಿ, “ಲಿಂಗ ಕೊಡವ್ವಾ” ಎಂದರು. ನಮ್ಮಲ್ಲಿ ಸತ್ತವರ ಲಿಂಗ ಅವರ ಅಂಗೈಯಲ್ಲೇ ಹೋಗಬೇಕು. ಚೀಲದಲ್ಲಿ ಕೈಗೆ ಸಿಕ್ಕ ಗಂಟನ್ನು ಕೊಟ್ಟೆ. ಅಣ್ಣನ ಬೆನ್ನು ಅಡ್ಡ ಬಂದು ಮುಂದಿನದು ಕಾಣಲಿಲ್ಲ. ವಿಭೂತಿ, ಪತ್ರಿ, ಉಪ್ಪು, ಆಮೇಲೆ ಮಣ್ಣು.

ಗಂಟುಗಳು ಎರಡಿದ್ದವೆಂದು ನೆನಪಾದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಇನ್ನೊಬ್ಬರ ಲಿಂಗ ಮುಟ್ಟಬಾರದೆಂದು ಕೇಳುತ್ತ ಬೆಳೆದವಳು ನಾನು. ಬಿಚ್ಚಿದಾಗ ಲಿಂಗವೇ ಕಂಡರೆ ಏನು ಮಾಡಲಿ? ಹೂತವನನ್ನು ಮತ್ತೆ ಹೊರಗೆ ತೆಗೆಯಲಾಗುವುದಿಲ್ಲ. ಯಾರಿಗೂ ಹೇಳಲಿಲ್ಲ. ತಾಟಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಒಲೆಯ ಮುಂದೆಯೂ ಚೀಲ ನನ್ನ ಮಗ್ಗುಲಲ್ಲೇ ಇರುತ್ತಿತ್ತು. “ಅದರಾಗ ಹಾವ ಸಾಕೀಯೇನಬೇ?” ಎಂದು ಅವ್ವ ಒಮ್ಮೆ ಕೇಳಿದಳು.

ಹನ್ನೊಂದನೆಯ ದಿನ ಅಯ್ಯನವರು ಪ್ರಸಾದಕ್ಕೆ ಬಂದರು. ಕೈ ತೊಳೆಯಲು ನೀರು ಕೊಡುವಾಗ ಕೇಳಿಯೇಬಿಟ್ಟೆ.

“ಅಯ್ಯಾರ, ಅವತ್ತ ನಾ ಕೊಟ್ಟ ಗಂಟ ಬಿಚ್ಚಿ ನೋಡಿದ್ರೇನ್ರಿ?”

“ಬಿಚ್ಚದ ಹ್ಯಾಂಗ ಇಡ್ಲವ್ವಾ? ಯಾಕ?”

ಎರಡು ಗಂಟುಗಳ ಕಥೆ ಹೇಳಿದೆ. ಅವರು ತಂಬಿಗೆಯನ್ನು ಕೆಳಗಿಟ್ಟು ಜೋರಾಗಿ ನಕ್ಕರು. ಸಾವಿನ ಮನೆಯೆಂಬುದನ್ನೂ ಮರೆತು ನಕ್ಕರು.

“ನಿಮ್ಮಪ್ಪ ಹುಳ ಹಿಡ್ಕೊಂಡ ಕುಂತಾನಂತ ತಿಳ್ದೇನ? ಲಿಂಗಾನ ಇತ್ತವ್ವಾ. ನಾನೂ ಒಂದೀಟ ಅಂಜಿಕೊಂಡ ಹೆಬ್ಬಟ್ಟಲೆ ಸವರಿ ನೋಡಿದ್ನಿ. ಯಾಕಂದ್ರ ಹೋದ ವರ್ಷ ಅಂವ ಕೇಳಿದ್ದ, ‘ಅಯ್ಯಾರ, ನನ್ನ ಜೋಡಿ ಈ ಹುಳಾನೂ ಇಡಾಕ ಬರ್ತೈತೇನು?’ ಅಂತ.”

“ನೀವ ಏನಂದ್ರಿ?”

“‘ಅದು ಒಮ್ಮೆ ಹೂಳಿಸ್ಕೊಂಡದ್ದು. ನೀನ ಹೊರಗ ತಗದೀ, ಮತ್ತ ಯಾಕ ಹೂಳ್ತೀ? ಮನ್ಯಾಗ ಇರ್ಲಿ ಬಿಡು’ ಅಂದ್ನಿ.”

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಹುಚ್ಚಿ” ಎಂದವಳೇ ಒಳಗೆ ಹೋಗಿ ನನ್ನ ತಾಟಿಗೂ ಎರಡು ರೊಟ್ಟಿ ಹಾಕಿದಳು. ಎರಡನ್ನೂ ತಿಂದು ಮತ್ತೊಂದು ಕೇಳಿದೆ.

ಎಲ್ಲರೂ ಎದ್ದ ಮೇಲೆ ಗಂಟು ಬಿಚ್ಚಿದೆ. ಬಸವನಹುಳುವಿನ ಬಾಯಲ್ಲಿ ಆ ಬಾವಿಯ ಬಿಳಿ ಮಣ್ಣು ಇನ್ನೂ ಗಟ್ಟಿಯಾಗಿ ಕೂತಿತ್ತು. ಸುತ್ತುಗಳು ಮಾತ್ರ ಅಪ್ಪನ ಬೆರಳು ಸವರಿ ಸವರಿ ನುಣುಪಾಗಿದ್ದವು. ಇದನ್ನು ಮುಟ್ಟಲು ಸ್ನಾನ ಬೇಕಿಲ್ಲ, ಮಡಿ ಬೇಕಿಲ್ಲ. ಪಲ್ಯದ ಎಣ್ಣೆ ಅಂಟಿದ ಕೈಯಲ್ಲೇ ಹಿಡಿದುಕೊಂಡು ಕೂತೆ.