ಮೂರಾಳು ನೀರು, ಕಟ್ಟಿದ ಮೂಗು

ಅರಕಲಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಕ್ಕನ ಮನೆ. ಅವಳನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದರಿಂದ, ಬೇಸಿಗೆ ರಜದಲ್ಲಿ ನಾವು ಈಜು ಕಲಿತ ಬಾವಿ ಈಗಲೂ ನಮ್ಮದೇ. ಆ ಬಾವಿಯಲ್ಲಿ ಒಂದು ರೂಢಿಯಿತ್ತು. ತಳ ಮುಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಒಂದು ಹಿಡಿ ಮಣ್ಣು ತಂದು ಮೆಟ್ಟಿಲ ಮೇಲೆ ಇಡಬೇಕು. ಅಕ್ಕ ತಂದಿದ್ದಳು, ಭಾವ ತಂದಿದ್ದರು, ನನಗಿಂತ ಚಿಕ್ಕವರೂ ತಂದಿದ್ದರು. ನಾನೊಬ್ಬಳೇ ಉಳಿದವಳು. ಒಂದಾಳು ಆಳ ಹೋಗುವಷ್ಟರಲ್ಲಿ ಕಿವಿ ಒತ್ತುತ್ತಿತ್ತು, ಹುಬ್ಬಿನ ಮೇಲೆ ನೋವು ಶುರುವಾಗುತ್ತಿತ್ತು. ಬರಿಗೈಲಿ, ಸಿಂಬಳ ಇಳಿಸಿಕೊಂಡು ಮೇಲೆ ಬರುತ್ತಿದ್ದೆ.

ಈಗ ನನಗೆ ನಲವತ್ತೆಂಟು. ಹಾಸನದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಹೋದ ಬೇಸಿಗೆಯಲ್ಲಿ, ಸಿಲಿಂಡರ್ ಇಲ್ಲದೆ ಬರೀ ಉಸಿರು ಹಿಡಿದು ಸಮುದ್ರಕ್ಕೆ ಇಳಿಯುವವರ ವಿಡಿಯೊ ಮೊಬೈಲಿನಲ್ಲಿ ನೋಡಿದೆ. ಅವರು ಇಳಿಯುತ್ತಿದ್ದ ಹಾಗೆ ಮೂಗು ಹಿಡಿದು ಮೆಲ್ಲಗೆ ಊದುತ್ತಿದ್ದರು. ಗಾಳಿ ಕಿವಿಗೆ ಹೋಗಿ ನೀರಿನ ಒತ್ತಡಕ್ಕೆ ಸಮನಾಗಿ ನಿಲ್ಲುತ್ತದಂತೆ. ಹಾಗಾದರೆ ಆ ಗಾಳಿ ಹೋಗುವ ದಾರಿಯೇ ಕಟ್ಟಿಕೊಂಡಿದ್ದರೆ? ಇಷ್ಟು ವರ್ಷ ಎದೆಗಾರಿಕೆ ಸಾಲದೆಂದುಕೊಂಡಿದ್ದೆ. ಒಂದು ಹಿಡಿ ಮಣ್ಣು ತರಲೇಬೇಕು ಎಂಬ ಹಟ ಆವತ್ತು ಹೊಸದಾಗಿ ಹುಟ್ಟಿತು.

ಮುಂದಿನ ಭಾನುವಾರವೇ ಹೋದೆ. ಬಸ್ಸಿನ ಕಿಟಕಿಯ ಗಾಳಿಗೆ ಮೂಗು ಆಗಲೇ ಕಟ್ಟಿತ್ತು. ಬಾವಿ ಮೆಟ್ಟಿಲ ಮೇಲೆ ಕೂತು ಸೀನುತ್ತಿದ್ದ ನನ್ನನ್ನು ನೋಡಿ ಭಾವ ನಕ್ಕರು.

"ಏನವ್ವಾ ನಾದಿನಿ, ಇವತ್ತಾದ್ರೂ ಮಣ್ಣು ಬತ್ತದೋ, ಇಲ್ಲ ಬರೀ ಗೊಣ್ಣೆನೇಯೋ?"

"ಸುಮ್ಕಿರಿ ನೀವು," ಎಂದಳು ಅಕ್ಕ. "ಅವ್ಳ ಮೂಗು ಮೊದ್ಲಿಂದ್ಲೂ ಅಂಗೇಯ."

"ಅದ್ಕೆ ಮದ್ದು ನನ್ನ ಜೇಬಲ್ಲೈತೆ ಕಣವ್ವಾ," ಎಂದು ಭಾವ ನಶ್ಯದ ಡಬ್ಬಿ ತೆಗೆದರು. ಹೊಗೆಸೊಪ್ಪು ಬೆಳೆಯುವ ಸೀಮೆಯವರಿಗೆ ತಲೆನೋವು, ನೆಗಡಿ ಎಲ್ಲಕ್ಕೂ ಮೊದಲ ಔಷಧಿ ಅದೇ. "ಒಂದು ಚಿಟ್ಕೆ ಏರಿಸ್ಕೊ. ಬಾಗ್ಲು ತೆಗ್ದಂಗೆ ತಕ್ಕತದೆ."

ಏರಿಸಿದೆ. ಸೀನು ಸೀನಿನ ಮೇಲೆ ಸೀನು. ಅಕ್ಕ ಎಣಿಸುತ್ತಾ ಎಣಿಸುತ್ತಾ ಹದಿನೇಳಕ್ಕೆ ಬಿಟ್ಟಳು. ಕಣ್ಣೀರು ಒರೆಸಿಕೊಂಡು ಉಸಿರೆಳೆದರೆ, ಅಬ್ಬಾ, ಎರಡೂ ಹೊಳ್ಳೆ ಬಯಲು! ಮೂಗು ಹಿಡಿದು ಊದಿದೆ, ಕಿವಿಯಲ್ಲಿ ಟಪ್ ಎಂದಿತು. ಮುಳುಗಿದೆ. ಎರಡಾಳು ದಾಟಿದ್ದೆನೋ ಏನೋ, ಮೂಗಿನ ಒಳಗೆ ಏನೋ ಉಬ್ಬಿ ಮುಚ್ಚಿಕೊಂಡಂತಾಯಿತು. ಹೆದರಿ ತಿರುಗಿದೆ. ಆಮೇಲಿನದು ನನಗೆ ಗೊತ್ತಿಲ್ಲದ ನೋವು. ಮೇಲೆ ಏರಿದಷ್ಟೂ ಹುಬ್ಬಿನ ಹಿಂದೆ ಮೊಳೆ ಹೊಡೆದ ಹಾಗೆ ಹೆಚ್ಚುತ್ತಾ ಬಂತು. ಮೆಟ್ಟಿಲು ಹಿಡಿದು ಮೂಗು ಸೀಟಿದರೆ ಸಿಂಬಳದಲ್ಲಿ ರಕ್ತದ ಎಳೆ. ಭಾವ ಡಬ್ಬಿಯನ್ನು ಜೇಬಿಗೆ ಹಾಕಿ, "ನಾನೇ ಕೆಡಿಸ್ಬುಟ್ನಲ್ಲವ್ವಾ" ಎಂದು ತಲೆ ತಗ್ಗಿಸಿದರು.

ಹಾಸನದ ಕಿವಿ ಡಾಕ್ಟರು ನಶ್ಯದ ಕತೆ ಕೇಳಿ ಮೊದಲು ನಕ್ಕರು, ಆಮೇಲೆ ಬೈದರು. ಕೆರಳಿದ ಮೂಗು ಸ್ವಲ್ಪ ಹೊತ್ತು ತೆರೆದು ಮತ್ತೆ ಊದಿಕೊಳ್ಳುತ್ತದೆ, ಆಗ ಒಳಗೆ ಸಿಕ್ಕಿಬಿದ್ದ ಗಾಳಿ ಮೇಲೆ ಬರುವಾಗ ಹಿಗ್ಗಿ ದಾರಿ ಹುಡುಕುತ್ತದೆ ಎಂದರು. "ನೆಗಡಿಯಿದ್ದ ದಿನ ಇಳೀಲೇಬೇಡಿ. ಕಿವಿ ಬಿಡದಿದ್ರೆ ಒತ್ತಾಯ ಮಾಡ್ಬೇಡಿ, ವಾಪಸ್ ಬನ್ನಿ."

ಅಲ್ಲಿಂದ ಒಂದು ವರ್ಷ ನಾನು ನನ್ನ ಮೂಗನ್ನೇ ನೋಡುತ್ತಾ ಕಳೆದೆ ಎಂದರೆ ತಪ್ಪಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಿಟ್ಟೆ. ಬೆಳಿಗ್ಗೆ ಎಡಹೊಳ್ಳೆ ತೆರೆದಿದ್ದರೆ ಮಧ್ಯಾಹ್ನ ಬಲದ್ದು. ಎರಡೂ ಪಾಳಿ ಹಾಕಿಕೊಂಡು ದುಡಿಯುತ್ತವೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಹತ್ತು ದಿನ ಹಾಲು ಬಿಟ್ಟೆ, ಸಿಂಬಳ ಕಡಿಮೆಯಾಗಲಿಲ್ಲ, ಕಾಫಿ ಇಲ್ಲದ ಸಿಡುಕು ಮಾತ್ರ ಹೆಚ್ಚಿತು. ಮನೆ ಧೂಳು ಹೊಡೆದ ಮಾರನೆಯ ದಿನ ತಪ್ಪದೆ ಕಟ್ಟುತ್ತಿತ್ತು. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಗಿಂಡಿಯಿಂದ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಬರುವ ಲೋಳೆಯನ್ನು ನೋಡಿ, ಇಷ್ಟೆಲ್ಲ ಎಲ್ಲಿ ಕೂತಿತ್ತೋ ಎಂದು ನಿಂತು ಯೋಚಿಸುತ್ತಿದ್ದೆ. ನನಗೆ ಒಗ್ಗಿದ್ದು ಅದೇ.

ಈ ಬೇಸಿಗೆಯಲ್ಲಿ ಮೂರು ಭಾನುವಾರ ಮೂಗು ಸರಿಯಿಲ್ಲವೆಂದು ಬಾವಿಗೆ ಇಳಿಯದೆ ಅಕ್ಕನ ಮನೆಯಲ್ಲಿ ಮುದ್ದೆ ಉಂಡು ವಾಪಸಾದೆ. ನಾಲ್ಕನೆಯ ಸಲ ಎರಡೂ ಹೊಳ್ಳೆ ಹಗುರವಾಗಿದ್ದವು. ತಲೆಕೆಳಗಾಗಿ ಮುಳುಗಿದರೆ ನನ್ನ ಕಿವಿ ಬೇಗ ಕಟ್ಟುತ್ತದೆ. ಅದಕ್ಕೆ ಭಾವ ಹಗ್ಗದ ತುದಿಗೆ ಒಂದು ಕಲ್ಲು ಕಟ್ಟಿ, ಮೇಲೊಂದು ಕುಣಿಕೆ ಮಾಡಿಕೊಟ್ಟರು. ಒಂದು ಕಾಲು ಕುಣಿಕೆಯಲ್ಲಿಟ್ಟು, ಒಂದು ಕೈಲಿ ಹಗ್ಗ, ಇನ್ನೊಂದರಲ್ಲಿ ಮೂಗು.

"ಜಗ್ಗುದ್ರೆ ನಿಲ್ಲಿಸ್ತೀನಿ, ಇನ್ನೊಂದ್ಸಲ ಜಗ್ಗುದ್ರೆ ಬಿಡ್ತೀನಿ," ಎಂದರು. "ಅವಸ್ರ ಮಾಡ್ಬ್ಯಾಡ ಕಣವ್ವಾ."

ಮೊಳ ಮೊಳವಾಗಿ ಇಳಿದೆ. ಒಂದು ಕಡೆ ಎಡಗಿವಿ ಬಿಡಲಿಲ್ಲ. ಜಗ್ಗಿದೆ, ಹಗ್ಗ ನಿಂತಿತು. ಉಗುಳು ನುಂಗಿ ಮೆಲ್ಲಗೆ ಊದಿದೆ, ಟಪ್. ಮತ್ತೆ ಜಗ್ಗಿದೆ. ನೀರು ತಣ್ಣಗಾಯಿತು, ಹಸಿರು ಹೋಗಿ ಕಪ್ಪಾಯಿತು. ಆಮೇಲೆ ಕುಣಿಕೆಯ ಹೊರಗಿದ್ದ ಕಾಲು ಮೆತ್ತನೆಯದರಲ್ಲಿ ಹರಡಿನವರೆಗೆ ಹೂತಿತು. ತಳ! ಮಣ್ಣು ಬಾಚಬೇಕು. ಆದರೆ ಎರಡು ಕೈಯಲ್ಲಿ ಒಂದನ್ನೂ ಬಿಡುವ ಧೈರ್ಯ ಬರಲಿಲ್ಲ. ಆ ಕಾಲಿನ ಬೆರಳುಗಳನ್ನು ಮಣ್ಣಿನ ಸಮೇತ ಒತ್ತಿ ಹಿಡಿದು ಕುಣಿಕೆಯಿಂದ ಇನ್ನೊಂದು ಕಾಲು ತೆಗೆದೆ, ಹಗ್ಗ ಹಿಡಿದು ನಿಧಾನ ಮೇಲೆ ಬಂದೆ. ಹುಬ್ಬಿನಲ್ಲಿ ನೋವಿರಲಿಲ್ಲ.

"ಎಲ್ಲವ್ವಾ ಮಣ್ಣು?"

ಕಾಲೆತ್ತಿ ತೋರಿಸಿದೆ.

"ಕಾಲಲ್ಲಿ ತಂದುದ್ದು ಲೆಕ್ಕಕ್ಕಿಲ್ಲ ಕಣವ್ವಾ. ಗ್ವಾಡೆ ಮ್ಯಾಗಿಂದು ಮೆತ್ಕೊಂಡಿರ್ತದೆ."

ಅಕ್ಕ ನನ್ನ ಕಾಲ್ಬೆರಳ ಸಂದಿಗೆ ಅಂಟಿದ್ದನ್ನು ಉಗುರಿನಿಂದ ಕೆರೆದು, ಬಿಸಿಲಿಗೆ ಹಿಡಿದು ತಿಕ್ಕಿ ನೋಡಿದಳು. "ಗ್ವಾಡೆದು ಕೆಂಪು ಬತ್ತದೆ ಕಣ್ರೀ. ಇದು ಕರೀದು, ಜಿಗುಟು. ತಳದ್ದೇಯ." ಅದನ್ನು ಮೆಟ್ಟಿಲ ಮೇಲೆ ಒರೆಸಿಟ್ಟಳು, ಕಡಲೆಕಾಳಿನಷ್ಟು. ನಾನು ಮೂಗು ಸೀಟಿ, ಬಗ್ಗಿ ಮೂಸಿದೆ. ಕೊಳೆತ ಎಲೆ, ಕಬ್ಬಿಣದ ತುಕ್ಕು, ಇನ್ನೂ ಏನೋ ಒಂದು. ಅದೇನೆಂದು ತಿಳಿಯಲು ಇನ್ನೊಮ್ಮೆ ಬಗ್ಗಿದೆ.